ಹಸಿರುಮಕ್ಕಿಯಲ್ಲಿ ತಾಲೀಮು

ವಾರಿಜಾಕ್ಷಿಗೆ ಬಸ್ಸು ಆಗಿಬರುವುದಿಲ್ಲ.
ಆಯನೂರು ದಾಟುವಷ್ಟರಲ್ಲಿ ಮೂಗಿಗೆ ನಿಂಬೆಹಣ್ಣು,
ಕುಂಸಿಯಲ್ಲಿ ಕಣ್ಣು ಮುಚ್ಚಿ,
ಆನಂದಪುರದಲ್ಲಿ ಕಿಟಕಿಯ ಹೊರಗೆ ತಲೆ.
ಇಂಥವಳನ್ನು ಕಟ್ಟಿಕೊಂಡು
ಡ್ಯಾನ್ಯೂಬ್ ಎಂಬ ಹೊಳೆಯ ಮೇಲೆ
ಎಂಟು ರಾತ್ರಿ ಕಳೆಯುವುದು ಹೇಗೆ?

ಈ ಹುಚ್ಚು ಹತ್ತಿಸಿದವಳು ಫಿಲೋಮಿನಾ.
ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ನಾವು ನಾಲ್ವರೂ ರಾತ್ರಿ ಪಾಳಿ ಮಾಡುತ್ತಿದ್ದ ಕಾಲಕ್ಕೆ
ವಿಯೆನ್ನಾಕ್ಕೆ ಒಂದೇ ಒಂದು ಟ್ರಂಕ್ ಕಾಲ್ ಜೋಡಿಸಿದ್ದಳು.
ಅತ್ತ ಯಾರೋ ಹಲೋ ಅಂದರು, ಇತ್ತ ಯಾರೋ ಅತ್ತರು,
ಆಮೇಲೆ ಮೂರು ನಿಮಿಷ ಬರೀ ಗಾಳಿ.
ಆ ಗಾಳಿಯ ಊರು ನೋಡಬೇಕು ಅವಳಿಗೆ.
ಹನ್ನೊಂದು ವರ್ಷ ಚೀಟಿ ಕಟ್ಟಿದೆವು.

ಗೋಪಾಳದ ಅವಳ ಮನೆಯಲ್ಲಿ ನಾಲ್ಕು ಭಾನುವಾರ
ಫೋರ್ಕು ಹಿಡಿಯುವ ಪಾಠ ನಡೆಯಿತು.
ಅಕ್ಕಿರೊಟ್ಟಿ ಮುಳ್ಳಿಗೆ ಸಿಗದೆ
ತಟ್ಟೆಯಿಂದ ಹಾರಿ ಕಮರುನ್ನೀಸಾಳ ಮಡಿಲಿಗೆ ಬಿತ್ತು.
"ಇದು ಊಟ ಅಲ್ಲ ಕಣ್ರೇ, ಬೇಟೆ" ಅಂದಳು.
ಉಳಿದಿದ್ದು ನೀರಿನ ಪರೀಕ್ಷೆ.

ಅದಕ್ಕೇ ಈ ಲಾಂಚು.
ಬಸ್ಸನ್ನು ಬೆನ್ನ ಮೇಲೆ ಹೊತ್ತ ಕಬ್ಬಿಣದ ಹಲಗೆ,
ಎರಡು ಬೈಕು, ಗೊಬ್ಬರದ ಚೀಲ,
ಕಾಲು ಕಟ್ಟಿಸಿಕೊಂಡು ಸುಮ್ಮನಿರುವ ಒಂದು ಹುಂಜ.
ಕಂಬಿಗೆ ಒರಗಿ ಕೂತೆವು, ಕಣ್ಣೆಲ್ಲ ವಾರಿಜಾಕ್ಷಿಯ ಮೇಲೆ.
"ಹೊಟ್ಟೆ ಹೇಗಿದೆ?"
"ಇದೆ."
"ತೊಳಸ್ತಿದೆಯಾ?"
"ಇಲ್ಲ, ಹಸೀತಿದೆ."

ಬುತ್ತಿ ಬಿಚ್ಚಿದೆವು, ದಡ ಇನ್ನೂ ಬಿಟ್ಟಿರಲಿಲ್ಲ.
ಹಲಸಿನೆಲೆಯ ಕೊಟ್ಟೆಕಡುಬು, ಮೇಲೆ ಕೊಬ್ಬರಿ ಎಣ್ಣೆ,
ಖೀಮಾ ಸಮೋಸ,
ಜೀರಿಗೆ ವಾಸನೆಯ ಅಪ್ಪೆಮಿಡಿ,
ಹಾರ್ಲಿಕ್ಸ್ ಬಾಟಲಿಯಲ್ಲಿ ಫಿಲೋಮಿನಾಳ ದ್ರಾಕ್ಷಿ ವೈನು
(ಕಂಡಕ್ಟರ್ ಕೇಳಿದರೆ ಮುರುಗಲು ಶರಬತ್ತು).
ನನ್ನ ಕೈಯಲ್ಲಿ ಟೂರಿನವರ ಬಣ್ಣದ ಪುಸ್ತಕ.
ಆರನೇ ಪುಟದ ಕೋಟೆಗೆ ತಲೆ ಎತ್ತಿದರೆ
ಎದುರಿಗೊಂದು ಗುಡ್ಡದ ನೆತ್ತಿ, ನೀರಲ್ಲಿ ಕುತ್ತಿಗೆವರೆಗೆ.
ಒಂಬತ್ತನೇ ಪುಟದ ದ್ರಾಕ್ಷಿತೋಟಕ್ಕೆ
ಎಲೆಯಿಲ್ಲದೆ ನಿಂತ ಕರಿ ಬೊಡ್ಡೆಗಳ ಸಾಲು,
ಒಂದೊಂದರ ತುದಿಗೂ ಒಂದೊಂದು ನೀರುಕಾಗೆ
ಒಗೆದ ಅಂಗಿಯ ಹಾಗೆ ರೆಕ್ಕೆ ಹರವಿಕೊಂಡು.

ಅತ್ತ ದಡ ಬಂತು, ಬಸ್ಸು ಇಳಿಯಿತು, ನಾವು ಇಳಿಯಲಿಲ್ಲ.
ಇತ್ತ ದಡ ಬಂತು, ಇಳಿಯಲಿಲ್ಲ.
ಮೂರನೇ ಸಲ ಲಾಂಚಿನ ಕನ್ನಪ್ಪ ಬಂದು ನಿಂತ:
"ಏನನ್ನಾದ್ರೂ ಕಳ್ಕಂಡೀರಾ ಅಮ್ಮಾ?"
ಹೇಳಿದೆವು. ಪುಸ್ತಕ ತಿರುವಿದ. ಸಮೋಸ ತಗೊಂಡ.
ಹನ್ನೊಂದನೇ ಪುಟದ ಬೆಳ್ಳಿ ತಟ್ಟೆಗಳನ್ನು ಬಹಳ ಹೊತ್ತು ನೋಡಿದ.

ನಡುನೀರಿಗೆ ಬಂದಾಗ, ಬೀದಿ ತೋರಿಸುವವನ ಹಾಗೆ, ಅಂದ:
"ಇಲ್ಲೇ ಎಲ್ಲೋ ನಮ್ಮಜ್ಜಿ ಒರಳುಕಲ್ಲು ಐತೆ.
ಮನೆ ಬಾಗಿಲು ಕಿತ್ತು ಹೊತ್ಕಂಡ್ ಬಂದ್ರು,
ಹಂಚು ಹೊತ್ತರು, ದನ ಹೊಡ್ಕಂಡ್ ಬಂದ್ರು.
ಇದೊಂದು ಎತ್ತಕಾಗ್ನಿಲ್ಲ."
ನೀರು ತೀರಾ ಇಳಿದ ವರ್ಷ ಕಾಣುತ್ತದಂತೆ,
ಕುಳಿಯ ತುಂಬ ಕೆಸರು,
ರುಬ್ಬಿ ಮುಗಿಯದ ಹಿಟ್ಟಿನ ಹಾಗೆ.

ಯಾರೂ ಮಾತಾಡಲಿಲ್ಲ. ಹುಂಜವೂ.
ಕಮರುನ್ನೀಸಾ ಒಂದು ಕಡುಬು ಎತ್ತಿ
ಎಲೆ ಬಿಚ್ಚದೆ ಅಂಚಿನಿಂದ ಬಿಟ್ಟಳು.
ತೇಲುತ್ತದೆ ಅಂದುಕೊಂಡಿದ್ದೆ. ಕಲ್ಲಿನ ಹಾಗೆ ಹೋಯಿತು.
ಎಣ್ಣೆಯ ಒಂದು ಬಳೆ ಮಾತ್ರ
ಮೇಲೆ ಅಗಲವಾಗುತ್ತ ಉಳಿಯಿತು.

"ನೀವು ಹೋಗೋ ಆ ಹೊಳೆ ಅಡೀಗೆ ಏನೈತೆ?"
ಕನ್ನಪ್ಪ ಕೇಳಿದ.
ಪುಸ್ತಕವನ್ನು ಹಿಂದಿನಿಂದಲೂ ನೋಡಿದೆ.
ಬರೆದಿರಲಿಲ್ಲ.

ವಾಪಸು ಬಸ್ಸಿನಲ್ಲಿ, ಸಾಗರ ಇನ್ನೂ ಬಂದಿರಲಿಲ್ಲ,
ವಾರಿಜಾಕ್ಷಿ ನಿಂಬೆಹಣ್ಣು ಹುಡುಕತೊಡಗಿದಳು.
"ನೀರಲ್ಲಿ ಪಾಸಾದೆ ಕಣೇ" ಅಂದೆವು.
"ಪಾಸೇನೋ ಸರಿ," ಅಂದಳು ಕಣ್ಣು ಮುಚ್ಚಿಕೊಂಡೇ,
"ಆ ಹಡಗಿಗೆ ಹೋಗೋಕೆ
ಬಸ್ಸು ಹತ್ತಬೇಕಾ?"