ಎಡಗಡೆಯ ಲಾರ್

ಹಾವು ಬರೆಯುವುದು ಸುಲಭ.
ಒಂದೇ ಉಸಿರಿನ ಗೆರೆ, ಬೆನ್ನಿಗೆ ಹಳದಿ,
ಗಂಡಾದರೆ ತಲೆಗೊಂದು ಜುಟ್ಟು.
ನೋಲಾದಿಂದ ನುಕೇರಿಯಾದವರೆಗೆ
ಎಷ್ಟು ಅಡುಗೆಮನೆಗಳಲ್ಲಿ ಹರಿದಾಡಿಲ್ಲ ನನ್ನ ಹಾವು!
ಕಷ್ಟ ಲಾರ್‌ಗಳದ್ದು. ಮನೆ ಕಾಯುವ ಜೋಡಿ ಹುಡುಗರು,
ಗಿಡ್ಡ ಅಂಗಿ, ತುದಿಗಾಲ ಕುಣಿತ,
ಎತ್ತಿದ ಕೊಂಬಿನಿಂದ ಬೋಗುಣಿಗೆ
ಕಮಾನು ಕಟ್ಟಿ ಬೀಳುವ ದ್ರಾಕ್ಷಾರಸ.
ಮುಖ ಮಾತ್ರ ಯಾರದ್ದೂ ಆಗಕೂಡದು.

ನುಮಿಸಿಯಸನ ಮನೆ, ಒಲೆಯ ಮೇಲಿನ ಗೋಡೆ.
ಗಾರೆ ಹಸಿಯಿರುವಾಗಲೇ ಮುಗಿಸಬೇಕು.
ದೀಪ ಹಿಡಿದು ನಿಂತಿದ್ದಳು ಅಡುಗೆಯ ಥ್ರೆಪ್ಟೆ,
ಕೈತುಂಬ ಬೆಳ್ಳುಳ್ಳಿ ವಾಸನೆ.
ಕೇಳದೆಯೇ ಹೇಳಿದಳು:
"ಕಿವಿ ಇನ್ನೂ ಸ್ವಲ್ಪ ಅಗಲ.
ಗದ್ದದ ಮೇಲೊಂದು ಗಾಯದ ಕಲೆ,
ಮೀನು ಹೆಚ್ಚುವಾಗ ಆದದ್ದು."
ಯಾರದು ಅಂತ ನಾನು ಕೇಳಲಿಲ್ಲ.
ಹೋದ ದ್ರಾಕ್ಷಿ ಕೊಯ್ಲಿಗೆ ಈ ಮನೆಯ ಒಬ್ಬ ಹುಡುಗ
ಎರಡು ಹೇಸರಗತ್ತೆಗಳ ಜೊತೆ,
ಒಂದೇ ಮೇಣದ ಹಲಗೆಯ ಲೆಕ್ಕದಲ್ಲಿ,
ಪುತೆಯೋಲಿಯ ವ್ಯಾಪಾರಿಗೆ ಹೋದದ್ದು
ಬೀದಿಗೆಲ್ಲ ಗೊತ್ತಿತ್ತು.
ಬರೆದೆ. ಕೂಲಿಯೇನೂ ಹೆಚ್ಚಲಿಲ್ಲ,
ಅಂಜೂರದ ಎಲೆಯಲ್ಲಿ ಸುತ್ತಿದ ಒಂದು ತುಣುಕು ಹಂದಿಮಾಂಸ.

ಆಮೇಲೆ ಪ್ರತಿ ತಿಂಗಳ ಮೊದಲ ದಿನ
ಯಜಮಾನ ಟೋಗಾದ ಸೆರಗು ತಲೆಗೆಳೆದು
ಧೂಪ ಹಾಕಿದ, ಮಾಲೆ ಇಟ್ಟ,
ತಾನೇ ಮಾರಿದ ಹುಡುಗನಿಗೆ
ಮನೆ ಕಾಯಪ್ಪಾ ಎಂದು ಬೇಡಿಕೊಂಡ.
ಅವನ ಮಗ, ಮೀಸೆ ಮೂಡಿದ ವರ್ಷ,
ಕೊರಳ ತಾಯಿತ ಬಿಚ್ಚಿ ಅಲ್ಲೇ ಮೊಳೆಗೆ ನೇತುಹಾಕಿದ.
ಹೊಸ ಸೊಸೆ ಒಂದು ನಾಣ್ಯ ಒಪ್ಪಿಸಿದಳು.
ಊಟದಲ್ಲಿ ನೆಲಕ್ಕೆ ಬಿದ್ದ ತುತ್ತು ಬೆಂಕಿಗೆ,
ಅಂದರೆ ಅವನಿಗೆ.
ಇಲ್ಲಿದ್ದಾಗಲೂ ಅವನ ಪಾಲು ಅದೇ ಇತ್ತಂತೆ.

ಹನ್ನೊಂದು ವರ್ಷದ ಮೇಲೆ ಮತ್ತೆ ಕರೆ:
ಗೋಡೆ ಹೊಗೆ ಹಿಡಿದಿದೆ, ಹೊಸದಾಗಿ ಬರಿ.
ಹೋದೆ. ಹಾವು ಮಸಿ, ಬಲಗಡೆಯವನು ಮಸಿ,
ನಡುವೆ ನಿಂತ ಯಜಮಾನನ ಜೀವದೈವವೂ ಮಸಿ.
ಎಡಗಡೆಯವನೊಬ್ಬ ಬೆಳ್ಳಗೆ.
ದಿನಾ ಒದ್ದೆ ಬಟ್ಟೆ ಆಡಿದೆ ಅಲ್ಲಿ.
ಒರೆಸಿ ಒರೆಸಿ
ಕಲೆ ಹೋಗಿದೆ, ಕಿವಿ ಹೋಗಿದೆ,
ಮುಖವಿದ್ದಲ್ಲಿ ಬರೀ ಸುಣ್ಣ.

ಕುಂಚ ಅದ್ದಿದೆ. ನೆನಪಾಗಲಿಲ್ಲ.
ಗಾಯ ಗದ್ದದ ಎಡಕ್ಕೋ, ಬಲಕ್ಕೋ?
ತಿರುಗಿ ನೋಡಿದೆ. ಥ್ರೆಪ್ಟೆ,
ಈಗ ಹಲ್ಲಿಲ್ಲದ ಥ್ರೆಪ್ಟೆ, ಕಡಲೆ ಆರಿಸುತ್ತಿದ್ದಳು.
ಅವಳೂ ಬಹಳ ಹೊತ್ತು ಗೋಡೆ ನೋಡಿದಳು.
ತನ್ನ ಗದ್ದವನ್ನೇ ಮುಟ್ಟಿಕೊಂಡಳು, ಒಮ್ಮೆ ಈ ಕಡೆ,
ಒಮ್ಮೆ ಆ ಕಡೆ.
"ಹಾವು ಬರಿ," ಅಂದಳು.
"ಮೊದಲು ಹಾವು ಬರಿ."