ಹಗ್ಗದ ಮೇಲೆ ಚಗಳಿ

ಮೂಡುಬೆಳ್ಳೆಯ ಸೆರಪಿನ್ ಬಾಯಿ ಮೊದಲ ಸಲ ನನ್ನನ್ನು ಕರೆದದ್ದು
ಮದ್ದು ಹೊಡೆಯಲಿಕ್ಕೆ.
ಹದಿನಾರು ಲೀಟರಿನ ಡಬ್ಬ ಬೆನ್ನಿಗೆ, ಮೂಗಿಗೆ ಬೈರಾಸು,
ಹೂಬಿಟ್ಟು ನಿಂತ ಹನ್ನೊಂದು ಮುಂಡಪ್ಪ ಮಾವಿಗೆ
ಇಗರ್ಜಿಯ ನಡುಹಗಲ ಗಂಟೆಯವರೆಗೆ
ಬಿಳಿ ಮಳೆ ಸುರಿಸಿದೆ.
ಕೂಲಿಯ ಜೊತೆ ಗಂಜಿ, ಒಣಮೀನಿನ ಚಟ್ನಿ.
ಬಟ್ಟಲು ಮಾತ್ರ ಅಂಗಳದ ಆಚೆ ತುದಿಗೆ:
"ನಿನ್ನ ವಾಸನೆಗೆ ನಾಯಿ ಸಹ ಹತ್ತಿರ ಬರುವುದಿಲ್ಲ ಮಾರಾಯ."

ನಿಜವೇ. ನನ್ನ ಅಂಗಿಗೆ ಮನೆಯಲ್ಲಿ
ಬೇರೆಯೇ ಒಂದು ಬಾಲ್ದಿ ಇತ್ತು.

ಮರುದಿನ ಹಟ್ಟಿಗೋಡೆಯ ಬಿರುಕಿನ ಕೆಳಗೆ
ಸಾಸಿವೆ ಚೆಲ್ಲಿದ ಹಾಗೆ ಮುಜಂಟಿ ಜೇನು.
ಬಾಯಿ ಗುಡಿಸಿ ಮೊರಕ್ಕೆ ತುಂಬಿದರಂತೆ,
ಎಲ್ಲಿ ಸುರಿಯುವುದೆಂದು ತಿಳಿಯದೆ
ಮೊರ ಹಿಡಿದೇ ನಿಂತಿದ್ದರಂತೆ.

ವರ್ಷ ಕಳೆದು ಫೋನು:
"ಡಬ್ಬ ಬೇಡ. ಹಗ್ಗ ತಾ. ನೂರು ಮೊಳ."

ದನಕ್ಕೋ, ಬಾವಿಗೋ, ಬಟ್ಟೆ ಒಣಗಿಸಲಿಕ್ಕೋ?
ಬೇಲಿಯ ಹಲಸಿನಲ್ಲಿ ಎಲೆ ಹೊಲಿದು ಮನೆ ಮಾಡಿದ್ದ
ಚಗಳಿ ಇರುವೆಗೆ!
ಹಲಸಿನಿಂದ ಮಾವಿಗೆ, ಮಾವಿನಿಂದ ಮಾವಿಗೆ,
ನನ್ನ ಅಮ್ಮ ಹುರಿದು ಚಟ್ನಿ ಅರೆಯುತ್ತಿದ್ದ ಜೀವಕ್ಕೆ
ಸೇತುವೆ ಕಟ್ಟುವ ಮೇಸ್ತ್ರಿಯಾದೆ ನಾನು.
ಎರಡು ದಿನ ಒಂದೂ ಇಲ್ಲ.
ಮೂರನೆಯ ದಿನ ಒಂದು ಬಂತು, ನಡುಹಗ್ಗದಲ್ಲಿ ನಿಂತು
ಮೀಸೆ ಆಡಿಸಿತು, ತಿರುಗಿ ಹೋಯಿತು.
ಬೈಗಿಗೆ ಸಂಸಾರ ಸಮೇತ ಮೆರವಣಿಗೆ.

ಆದರೂ ಆ ವರ್ಷ ಅರ್ಧಕ್ಕರ್ಧ ಹುಳ.
ಹಣ್ಣುನೊಣ ಚುಚ್ಚಿದ್ದನ್ನೆಲ್ಲ ಆಯ್ದು ಹೊಂಡಕ್ಕೆ ಹಾಕಿ
ಬಾಯಿ ಕೊಂಕಣಿಯಲ್ಲಿ ಎಣಿಸಿದರು.
ಎಣಿಕೆ ಪ್ರಾರ್ಥನೆಯಂತೆ ಕೇಳಲಿಲ್ಲ, ಬೈಗುಳದಂತೆ ಕೇಳಿತು.

ಗಂಡು ನೊಣಕ್ಕೆ ತುಳಸಿಯೆಂದರೆ ಮರುಳು,
ರಸ ಹಿಂಡಿ ಬಾಟಲಿಯಲ್ಲಿ ತೂಗಿದರೆ ತಾನಾಗಿ ಬಂದು ಬೀಳುತ್ತದೆ
ಎಂದು ಯಾರೋ ಹೇಳಿದರು.
ಬಾಯಿಯ ಅಂಗಳದಲ್ಲಿರುವುದು ಶಿಲುಬೆ.
ತುಳಸಿ ಇರುವುದು ವಾರಿಜಕ್ಕನಲ್ಲಿ.
ಚಪ್ಪಲಿ ಬಿಟ್ಟು, ಕಟ್ಟೆಯಿಂದ ನಾಲ್ಕು ಮಾರು ದೂರ ನಿಂತು ಕೇಳಿದರು.
"ಕೊಲ್ಲಲಿಕ್ಕೆ ಕೊಡುವುದುಂಟೋ ತುಳಸಿಯನ್ನು?"
ವಾರಿಜಕ್ಕ ಬಾಯಲ್ಲಿದ್ದ ವೀಳ್ಯ ಮುಗಿಯುವವರೆಗೆ ಯೋಚಿಸಿ,
ಉಗಿದು ಬಂದು ಹೇಳಿದರು:
"ಕೊಂಡುಹೋಗಿ. ಸಂಜೆ ಮೇಲೆ ಬೇಡ. ದ್ವಾದಶಿ ದಿನ ಮುಟ್ಟಲೇಬೇಡಿ."
ಈಗ ಬಾಯಿಯ ಇಗರ್ಜಿ ಕ್ಯಾಲೆಂಡರಿನಲ್ಲಿ
ಸಂತರ ಹಬ್ಬಗಳ ನಡುವೆ
ಪೆನ್ಸಿಲಿನಲ್ಲಿ ಗುರುತು ಹಾಕಿದ ದ್ವಾದಶಿಗಳು.

ಚಗಳಿಯೇನು ದೇವರಲ್ಲ.
ಕೊಯ್ಯಲು ಹತ್ತಿದರೆ ಕಂಕುಳಿಗೆ, ಕಿವಿಗೆ, ಕಚ್ಚೆಯೊಳಗೆ ಬೆಂಕಿ.
ಅದಕ್ಕೂ ದನಗಳುಂಟು: ಎಲೆಯ ರಸ ಹೀರುವ ಬಿಳಿ ಹುಳ.
ಅವನ್ನು ಕಾದು, ಕರೆದು, ಸಿಹಿ ಕುಡಿಯುತ್ತದೆ;
ಸಿಹಿ ತೊಟ್ಟಿಕ್ಕಿದಲ್ಲಿ ಎಲೆ, ಹಣ್ಣು ಮಸಿ.
"ಅಷ್ಟು ಅವರ ಸಂಬಳ," ಅಂದರು ಬಾಯಿ.

ಸಂತೆಕಟ್ಟೆಯಲ್ಲಿ ಒಬ್ಬರು ಹಣ್ಣು ತಿರುಗಿಸಿ ತಿರುಗಿಸಿ,
"ಇದೇನಮ್ಮ ಕಪ್ಪು?"
ಬಾಯಿ ಸೆರಗಿನಿಂದ ಉಜ್ಜಿದರು.
"ಒರೆಸಿದರೆ ಹೋಗುವಂಥದ್ದು ನನ್ನಲ್ಲಿ.
ಹೋಗದ್ದು ಆಚೆ ಅಂಗಡಿಯಲ್ಲಿ ಉಂಟು, ಹೊಳೆಯುತ್ತದೆ."
ಅವರು ಆಚೆ ಅಂಗಡಿಗೇ ಹೋದರು.

ನಾಲ್ಕನೆಯ ವರ್ಷ ಇದು. ನೂರಕ್ಕೆ ಹದಿನೆಂಟು ಹಾಳು.
ನನ್ನ ಡಬ್ಬ ಹಟ್ಟಿಯ ಮಾಡಿಗೆ ನೇತುಬಿದ್ದಿದೆ,
ಏಳು ಸಲ ತೊಳೆದರೂ
ಅದರಲ್ಲಿ ಬಸಳೆಗೆ ನೀರು ಹಾಕಲು ಮನಸ್ಸಿಲ್ಲ.
ಮಗಳು ನನ್ನ ಕಾಲರಿನಿಂದ ಇರುವೆ ಹೆಕ್ಕುತ್ತಾಳೆ,
ಒಂದಕ್ಕೆ ಒಂದು ಪೆಪ್ಪರಮೆಂಟಿನ ಲೆಕ್ಕ.

ತೋಟದಲ್ಲಿ ಹಗ್ಗ ಎದೆಯೆತ್ತರಕ್ಕುಂಟು.
ಕುಕ್ಕೆ ತಲೆಯ ಮೇಲಿದ್ದರೂ ಬಗ್ಗಿಯೇ ದಾಟಬೇಕು,
ಮೇಲೆ ಯಾರೋ ಸತ್ತ ನೊಣವನ್ನು ಹೊತ್ತು ಮನೆಗೆ ಹೊರಟಿರುತ್ತಾರೆ.

ಮೊನ್ನೆ ಹಟ್ಟಿಗೆ ಸುಣ್ಣ ಬಳಿದದ್ದೂ ನಾನೇ.
ಗೋಡೆಯ ಆ ಬಿರುಕಿಗೆ ಕುಂಚ ಒಯ್ದೆ.
"ಅದೊಂದು ಬಿಡು," ಅಂದರು ಬಾಯಿ ಒಳಗಿಂದ.

ಕಿವಿ ಇಟ್ಟು ಕೇಳಿದೆ.
ಏನೂ ಇಲ್ಲ.
ಸುತ್ತ ಬಳಿದು, ಅಷ್ಟಗಲ ಬಿಟ್ಟೆ.