ಕಂಸದೊಳಗಿನ ಅಕ್ಷರ

ಪಟ್ಟಿಯಲ್ಲಿದ್ದ ಊರುಗಳ ಫೋಲ್ಡರಷ್ಟೇ ಆರಿಸು,
ನಕಲು, ಹಳೇದು, ಟೆಸ್ಟು ಅನ್ನೋ ಹಾದಿ ಬಿಡು
ಅಂತ ಬರೆದಿದ್ದೆ ಒಂದು ಸಾಲು. ಓಡಿತು.
ಬೀದರ ತಾಲ್ಲೂಕೆಲ್ಲ ಬಂತು,
ಸಿರಖೇಡ ಎರಡೂ ಬರಲಿಲ್ಲ.

ಫೋಲ್ಡರು ಇದೆ. ತೆರೆದರೆ ಪಹಣಿ,
ಉರ್ದು ಷರಾ, ಕಂದು ಶಾಯಿ, ಇಲಿ ತಿಂದ ಅಂಚು.
ಸ್ಕ್ರಿಪ್ಟಿಗೆ ಮಾತ್ರ ಕಾಣುತ್ತಿಲ್ಲ.
ಕಾಗುಣಿತ ನೋಡಿದೆ, ಖಾಲಿ ಜಾಗ ಎಣಿಸಿದೆ,
ಕೋಟೆ ಕಡೆಯ ಕಿಟಕಿಯ ಬಿಸಿಲು
ಕೀಬೋರ್ಡು ದಾಟಿ ಗೋಡೆ ಹತ್ತಿತು.

“ಕೆ ಅಂದ್ರ ಖುರ್ದ, ಸಣ್ಣದು. ಬಿ ಅಂದ್ರ ಬುಜುರ್ಗ, ದೊಡ್ಡದು.
ನಡುವ ಬರೇ ಒಂದು ಹಳ್ಳ ನೋಡ್ರಿ,”
ಬಸಿಗೆ ಚಹಾ ಸುರಿಯುತ್ತ ಅಂದರು
ರೆಕಾರ್ಡ್ ರೂಮಿನ ಮೆಹತಾಬ್ ಸಾಬರು.

ಆಗ ಹೊಳೆಯಿತು.
ಆ ಒಂದಕ್ಷರವನ್ನು ಯಾರೋ ಕಂಸದಲ್ಲಿಟ್ಟಿದ್ದಾರೆ.
ನನ್ನ ಸಾಲಿಗೆ ಕಂಸವೆಂದರೆ ಗೋಡೆಯಲ್ಲ,
ಬರೀ ಗಂಟು ಕಟ್ಟುವ ದಾರ.
ಕೂಸನ್ನು ಹುಡುಕಿತು, ಸೆರೆಮನೆ ಅದಕ್ಕೆ ಕಾಣಲೇ ಇಲ್ಲ.

ಎರಡೂ ಕಂಸದ ಮುಂದೆ ಒಂದೊಂದು ಓರೆಗೆರೆ ಆನಿಸಿದೆ,
ಬಾಗಿಲಿಗೆ ಕೋಲು ಕೊಟ್ಟ ಹಾಗೆ.
ಬಂತು ಬಿ. ಬಂತು ಕೆ.

ಸಾಬರಿಗೆ ತೋರಿಸಿದೆ. ಕನ್ನಡಕ ಏರಿಸಿ
ಸಾಲು ಸಾಲು ನೋಡಿ,
“ಹಳ್ಳ ಎಲ್ಲೈತಿ?” ಅಂದರು.